ಆ ಜರ್ಮನ್ ರೇಡಿಯೋ ಹಾಡು ಹೇಗ್ ಸಿಕ್ತು?

ಪ್ರಶ್ನೆ: ಗುರೂ, 40 ವರ್ಷ ಯಾರದ್ದು ಅಂತಾನೇ ಗೊತ್ತಿಲ್ದೇ ಇದ್ದ ಹಾಡು ಸಿಕ್ಬಿಡ್ತಂತಲ್ಲ. 2007ರಿಂದ ನೆಟ್ಟಲ್ಲಿ ಹುಡುಕ್ತಿದ್ರು, ಅಷ್ಟು ಕಷ್ಟ ಯಾಕಾಯ್ತು?

ಉತ್ತರ 1: ಹೌದು, 2024 ನವೆಂಬರ್‌ನಲ್ಲಿ. ಬ್ಯಾಂಡ್ ಹೆಸರು ಫೆಕ್ಸ್, ಜರ್ಮನಿಯ ಕೀಲ್ ಊರಿನವ್ರು, ಹಾಡು 'ಸಬ್‌ವೇಸ್ ಆಫ್ ಯುವರ್ ಮೈಂಡ್'. 1984ರ ಸುಮಾರಿಗೆ ಒಬ್ಬ ಹುಡ್ಗ ಎನ್‌ಡಿಆರ್ ಅನ್ನೋ ಜರ್ಮನ್ ರೇಡಿಯೋದಿಂದ ಕ್ಯಾಸೆಟ್‌ಗೆ ರೆಕಾರ್ಡ್ ಮಾಡ್ಕೊಂಡಿದ್ದ, ಹಾಡು ನೀಟಾಗಿರ್ಲಿ ಅಂತ ಅನೌನ್ಸರ್ ಮಾತು ಬರದ ಹಾಗೆ ಕಟ್ ಮಾಡ್ತಿದ್ದ, ಅಲ್ಲೇ ನೋಡಿ ಹೆಸ್ರೂ ಹೋಯ್ತು 😅

ಉತ್ತರ 2: ರೆಕಾರ್ಡಿಂಗ್‌ನ ಸೌಂಡ್ ಗ್ರಾಫ್ ತೆಗೆದು ನೋಡಿದ್ರೆ 10 ಕಿಲೋಹರ್ಟ್ಜ್ ಹತ್ರ ಒಂದು ಸಣ್ಣ ಗೆರೆ ಕಾಣ್ಸುತ್ತೆ, ಅದನ್ನ ಹಿಡ್ಕೊಂಡೇ ಎನ್‌ಡಿಆರ್ ಇರ್ಬೇಕು ಅಂತ ಲೆಕ್ಕ ಹಾಕಿದ್ರು, ಹುಚ್ಚು ಅಂದ್ರೆ ಇದು! ಆದ್ರೆ ಕೊನೆಗೆ ಕೈ ಹಿಡಿದಿದ್ದು ಹಳೇ ನ್ಯೂಸ್‌ಪೇಪರ್, ಅದ್ರಲ್ಲಿ ಬ್ಯಾಂಡ್ ಬಗ್ಗೆ ಬಂದಿದ್ದ ಸುದ್ದಿ ನೋಡಿ ಒಬ್ರು ಮೆಂಬರ್‌ನ ಕಾಂಟ್ಯಾಕ್ಟ್ ಮಾಡಿದ್ರು, ಅಷ್ಟೇ.

ಉತ್ತರ 3: ನಮ್ಮ ಕನ್ನಡದ ಮೊದಲ ಟಾಕಿ ಸಿನಿಮಾ 'ಸತಿ ಸುಲೋಚನಾ', 1934ರದ್ದು, ಅದರ ಪ್ರಿಂಟೇ ಸಿಕ್ಕಿಲ್ಲ. ಅದನ್ನೂ ಯಾರಾದ್ರೂ ಹೀಗೆ ಬೆನ್ನು ಹತ್ತಬಾರ್ದಾ?

ಪ್ರಶ್ನೆ ಕೇಳಿದವ: ಥ್ಯಾಂಕ್ಸ್ ಎಲ್ರಿಗೂ. ಅಮ್ಮನ ಟ್ರಂಕಲ್ಲಿ ಲೇಬಲ್ ಇಲ್ದಿರೋ ಕ್ಯಾಸೆಟ್ ಹನ್ನೊಂದಿದೆ, ಪ್ಲೇಯರ್ ಇದ್ದೋರು ಹೇಳ್ರಪ್ಪಾ.