12×14 ಅಡಿ ಕೋಣೆಯ ಬಾಸ್: ದೊಡ್ಡ ಸಬ್‌ವೂಫರ್ ಕೊಳ್ಳುವ ಮುನ್ನ

ಪ್ರಶ್ನೆ

ನಾನು ಸಂಗೀತ ಕೇಳುವ ಕೋಣೆ 12 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರವಿದೆ. ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಎರಡು ಬುಕ್‌ಶೆಲ್ಫ್ ಸ್ಪೀಕರ್‌ಗಳಿದ್ದು, ಬಾಸ್, ಅಂದರೆ ತೀರ ಕೆಳಗಿನ ಸ್ವರಗಳಿಗೆಂದೇ ಇರುವ 10 ಇಂಚಿನ ಸಬ್‌ವೂಫರ್ ಮುಂದಿನ ಮೂಲೆಯಲ್ಲಿದೆ. ಹಿಂಗೋಡೆಗೆ ತಾಗಿಸಿದ ಸೋಫಾದಲ್ಲಿ ಕುಳಿತರೆ ಬಾಸ್ ಗಿಟಾರಿನ ಕೆಲವು ಸ್ವರಗಳು ಗುಮ್ಮೆಂದು ಕೋಣೆ ತುಂಬುತ್ತವೆ, ಕೆಲವು ಕೇಳಿಸುವುದೇ ಇಲ್ಲ. ಕೋಣೆಯ ನಟ್ಟನಡುವೆ ನಿಂತರೆ ಬಾಸೇ ಸೊರಗುತ್ತದೆ. ಅಂಗಡಿಯವರು 12 ಇಂಚಿನ ಸಬ್‌ವೂಫರ್ ಕೊಳ್ಳಿ ಎನ್ನುತ್ತಾರೆ, ಸ್ನೇಹಿತರು ಗೋಡೆಗೆ ಫೋಮ್ ಅಂಟಿಸಿ ಎನ್ನುತ್ತಾರೆ. ಇಂಥ ಕೋಣೆಯಲ್ಲಿ ಪ್ರಯೋಗ ಮಾಡಿ ನೋಡಿದವರು ದಯವಿಟ್ಟು ಅನುಭವ ತಿಳಿಸಬೇಕು.

ಉತ್ತರ 1: ಬೆಂಗಳೂರಿನಿಂದ

ನನ್ನದೂ ಸರಿಸುಮಾರು ಇದೇ ಅಳತೆಯ ಕೋಣೆಯಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಮೊದಲಿಗೆ, ದಯವಿಟ್ಟು ಏನನ್ನೂ ಕೊಳ್ಳಬೇಡಿ. ನಿಮ್ಮ ತೊಂದರೆ ಬಾಸ್ ಕಡಿಮೆಯಾದುದಲ್ಲ, ಸ್ವರದಿಂದ ಸ್ವರಕ್ಕೆ ಅದು ಏರುಪೇರಾಗುತ್ತಿರುವುದು.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವಣ ಅಂತರದ ಎರಡರಷ್ಟರಿಂದ ಈ ವೇಗವನ್ನು ಭಾಗಿಸಿದರೆ, ಆ ಜೋಡಿ ಗೋಡೆಗಳು ಯಾವ ಆವೃತ್ತಿಗೆ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಇದರ ಮಾನ ಹರ್ಟ್ಜ್) ಮೊಳಗುತ್ತವೆ ಎಂಬುದು ಸಿಗುತ್ತದೆ. ನಿಮ್ಮ ಕೋಣೆಯ ಉದ್ದಕ್ಕೆ 40, ಅಗಲಕ್ಕೆ 47, ಎತ್ತರಕ್ಕೆ 56 ಹರ್ಟ್ಜ್ ಬರುತ್ತದೆ. ಬಾಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿಯ ಸ್ವರ 41 ಹರ್ಟ್ಜ್, ಅದರ ಮೇಲಿನ ತಂತಿಯದು 55 ಹರ್ಟ್ಜ್. ನಿಮ್ಮ ಗೋಡೆಗಳೂ ಆ ತಂತಿಗಳೂ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿವೆ. ಸೋಫಾ ಗೋಡೆಗೆ ತಾಗಿರುವಾಗ ಉದ್ದದ ಮೊಳಗು ಗರಿಷ್ಠವಾಗಿ ಕಿವಿಗೆ ಬೀಳುತ್ತದೆ; ಕೋಣೆಯ ನಡುವೆ 40 ಮತ್ತು 47 ಎರಡೂ ಶೂನ್ಯಕ್ಕಿಳಿಯುತ್ತವೆ. ನೀವು ಕೇಳಿದ್ದು ಅದನ್ನೇ. ಇಷ್ಟು ದೊಡ್ಡ ಕೋಣೆಯಲ್ಲಿ ಸುಮಾರು 200 ಹರ್ಟ್ಜ್‌ನ ಕೆಳಗೆ ನಾವು ಕೇಳುವುದರಲ್ಲಿ ಸ್ಪೀಕರಿಗಿಂತ ಕೋಣೆಯ ಪಾಲೇ ದೊಡ್ಡದು.

ನಾನು ಮಾಡಿದ ಮೊದಲ ಪ್ರಯೋಗಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಫ್ಯಾನ್ ಆರಿಸಿ, ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 30ರಿಂದ 100 ಹರ್ಟ್ಜ್‌ವರೆಗೆ ಒಂದೊಂದೇ ಸ್ವರವನ್ನು ತಗ್ಗಿದ ದನಿಯಲ್ಲಿ ನುಡಿಸಿ, ಕುಳಿತಲ್ಲಿ ಯಾವುದು ಉಬ್ಬುತ್ತದೆ, ಯಾವುದು ಅಡಗುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. 55ಕ್ಕೆ ಬಂದಾಗ ಷೋಕೇಸಿನ ಗಾಜು ಝಿಲ್ಲೆಂದು ನಡುಗಿತು. ಆ ತನಕ ಅದನ್ನು ಸ್ಪೀಕರಿನ ದೋಷವೆಂದೇ ತಿಳಿದಿದ್ದೆ. ಗಾಜಿನ ಅಂಚಿಗೆ ಫೆಲ್ಟ್ ಚೂರು ಸಿಕ್ಕಿಸಿದ ಮೇಲೆ ಅದು ಸುಮ್ಮನಾಯಿತು.

ಎರಡನೆಯದು ಕುರ್ಚಿ. ಹಿಂಗೋಡೆಯಿಂದ ಮೂರು ಅಡಿ ಮುಂದೆ ಬಂದಾಗ ಗುಮ್ಮೆನ್ನುವುದು ತುಸು ತಗ್ಗಿತಾದರೂ ಮೃದಂಗದ ಎಡಭಾಗ ಟೊಳ್ಳಾಗಿ ಕೇಳತೊಡಗಿತು. 14 ಅಡಿಯ ಕಾಲುಭಾಗವಾದ ಮೂರೂವರೆ ಅಡಿಯಲ್ಲಿ ಉದ್ದದ ಎರಡನೆಯ ಮೊಳಗು, ಅಂದರೆ 80 ಹರ್ಟ್ಜ್, ಅಡಗುತ್ತದೆ ಎಂಬುದು ಆಮೇಲೆ ತಿಳಿಯಿತು. ಇನ್ನೂ ಮುಂದೆ ಸರಿದು ಐದು ಅಡಿ ಮೂರು ಇಂಚಿಗೆ ಬಂದಾಗ 40 ತಗ್ಗಿಯೂ 80 ಉಳಿದು, ಎರಡೂ ಒಂದು ಹದಕ್ಕೆ ಬಂದವು. ಸೋಫಾವನ್ನು ಅಲ್ಲಿಗೆ ತಂದರೆ ಮನೆಯವರಿಗೆ ಓಡಾಡಲು ದಾರಿ ಇರುವುದಿಲ್ಲ. ಹಾಗಾಗಿ ಟೈಲ್ ಮೇಲೆ ಚಿಕ್ಕ ಟೇಪಿನ ಗುರುತು ಹಾಕಿದ್ದೇನೆ, ಕೇಳುವಾಗ ಬೆತ್ತದ ಕುರ್ಚಿಯನ್ನು ಅಲ್ಲಿಗೆ ತರುತ್ತೇನೆ.

ಮೂರನೆಯದು ಸಬ್‌ವೂಫರಿನ ಜಾಗ. ಅದನ್ನು ಎತ್ತಿ ಕೇಳುವ ಕುರ್ಚಿಯ ಮೇಲೆಯೇ ಇಟ್ಟು, ಬಾಸ್ ಗಿಟಾರ್ ಮೇಲಕ್ಕೂ ಕೆಳಕ್ಕೂ ಓಡಾಡುವ ಒಂದು ಹಾಡನ್ನು ಹಾಕಿ, ನಾನು ಗೋಡೆಯಂಚಿನಲ್ಲಿ ಮಂಡಿಯೂರಿ ಸುತ್ತಿದೆ. ಶಬ್ದದ ಮೂಲವೂ ಕೇಳುವ ಕಿವಿಯೂ ಜಾಗ ಬದಲಿಸಿಕೊಂಡರೆ ಫಲಿತಾಂಶ ಅದೇ ಇರುತ್ತದೆಂಬ ತತ್ವ ಇದರ ಹಿಂದಿದೆ. ಮೂಲೆಯಲ್ಲಿ ಮೂರು ಸ್ವರಗಳಷ್ಟೇ ಅಬ್ಬರಿಸುತ್ತಿದ್ದವು. ಬಾಗಿಲಿನ ಪಕ್ಕ, ಮೂಲೆಯಿಂದ ನಾಲ್ಕು ಅಡಿ ದೂರದಲ್ಲಿ, ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ಸಬ್‌ವೂಫರ್ ಇಂದಿಗೂ ಅಲ್ಲೇ ಇದೆ. ಅದರ ದನಿ ಮೊದಲಿಗಿಂತ ಸಣ್ಣದಾಗಿದೆ ಎಂದು ಮನೆಗೆ ಬಂದವರು ಹೇಳಿದ್ದುಂಟು, ಆದರೆ ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾಂ ಮೇಲೆ ಅಂಗೈ ಒತ್ತಿ ಸ್ವರ ಜಾರಿಸುವುದು ನನ್ನ ಮನೆಯಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿಸಿದ್ದು ಆ ದಿನವೇ.

ಫೋಮ್ ವಿಚಾರ: 47 ಹರ್ಟ್ಜ್‌ನ ತರಂಗ ಏಳು ಮೀಟರಿಗೂ ಉದ್ದವಾದದ್ದು. ಎರಡು ಇಂಚಿನ ಫೋಮ್ ಅದಕ್ಕೆ ಅಡ್ಡಿಯೇ ಅಲ್ಲ. ಅದು ಮೇಲಿನ ಸ್ವರಗಳನ್ನಷ್ಟೇ ಹೀರಿ ಬಾಸನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ. ನಾನು ಹಳೆಯ ಬೂರುಗದ ಹತ್ತಿಯ ಹಾಸಿಗೆಗಳೆರಡನ್ನು ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿ ನೋಡಿದೆ. 100 ಹರ್ಟ್ಜ್‌ನ ಮೇಲೆ ಒಳ್ಳೆಯ ಗುಣ ಕಂಡಿತು, 40ರಲ್ಲಿ ಏನೂ ಬದಲಾಗಲಿಲ್ಲ.

ಉತ್ತರ 2: ಮೈಸೂರಿನಿಂದ

ಮೇಲಿನವರು ಹೇಳಿದ್ದಕ್ಕೆ ಅಳತೆಯ ವಿಚಾರ ಸೇರಿಸುತ್ತೇನೆ. ಕೋಣೆಯ ಶಬ್ದ ಅಳೆಯುವ ರೂಮ್ ಇಕ್ಯೂ ವಿಝಾರ್ಡ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಯುಮಿಕ್-1ರಂಥ ಯುಎಸ್‌ಬಿ ಮೈಕ್ ಇದ್ದರೆ ಕಿವಿಯ ಊಹೆಗೆ ಗ್ರಾಫ್ ಸಿಗುತ್ತದೆ. ಉಬ್ಬಿದ ಆವೃತ್ತಿಯನ್ನು ಈಕ್ವಲೈಸರ್‌ನಲ್ಲಿ (ಬೇರೆಬೇರೆ ಆವೃತ್ತಿಗಳ ದನಿಯನ್ನು ಬಿಡಿಯಾಗಿ ಏರಿಸಿ ಇಳಿಸುವ ಸಾಧನ) ಧಾರಾಳವಾಗಿ ತಗ್ಗಿಸಿ, ಆದರೆ ಅಡಗಿದ್ದನ್ನು ಏರಿಸಲು ಹೋಗಬೇಡಿ. 10 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು, ಆಗಲೂ ಶೂನ್ಯದ ಜಾಗ ತುಂಬುವುದಿಲ್ಲ. ನಾನು ಇದನ್ನು ಕಡೆಗಣಿಸಿ ಒಂದು ಸಬ್‌ವೂಫರಿನ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಸುಟ್ಟುಕೊಂಡಿದ್ದೇನೆ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ 12 ಇಂಚಿನ ಒಂದರ ಬದಲು ಈಗಿರುವಂಥದ್ದೇ ಇನ್ನೊಂದನ್ನು ಕೊಂಡು, ಮುಂಗೋಡೆಯ ನಡುವೆ ಒಂದು, ಹಿಂಗೋಡೆಯ ನಡುವೆ ಒಂದು ಇಡಿ. ಆಡಿಯೊ ಉಪಕರಣ ತಯಾರಿಸುವ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಎಷ್ಟು ಸಬ್‌ವೂಫರ್‌ಗಳು ಸಾಕು ಎಂಬುದನ್ನೇ ಅಧ್ಯಯನ ಮಾಡಿ 2002ರಲ್ಲಿ ಪ್ರಬಂಧ ಮಂಡಿಸಿದ್ದರು. ಎದುರುಬದುರು ಗೋಡೆಗಳ ನಡುಬಿಂದುಗಳು ಅಲ್ಲಿ ಒಳ್ಳೆಯ ಫಲ ಕೊಟ್ಟ ಜಾಗಗಳಲ್ಲಿ ಸೇರಿವೆ. ಎರಡೂ ಒಟ್ಟಿಗೆ ನುಡಿದಾಗ ಉದ್ದದ ಮೊದಲ ಮೊಳಗು ತನ್ನಷ್ಟಕ್ಕೆ ರದ್ದಾಗುತ್ತದೆ.

ಸಬ್‌ವೂಫರಿನ ಫೇಸ್ ತಿರುಗುಗುಂಡಿಯನ್ನು (ಅದರ ತರಂಗವನ್ನು ಸ್ಪೀಕರ್‌ಗಳ ತರಂಗದ ಲಯಕ್ಕೆ ಹೊಂದಿಸುವಂಥದ್ದು) ಮರೆಯಬೇಡಿ. ಕ್ರಾಸೋವರ್, ಅಂದರೆ ಸಬ್‌ವೂಫರಿಗೂ ಸ್ಪೀಕರ್‌ಗಳಿಗೂ ಸ್ವರ ಹಂಚುವ ಗಡಿ, 80ಕ್ಕೆ ಇದ್ದರೆ 80 ಹರ್ಟ್ಜ್ ಸ್ವರ ಹಾಕಿ ನೀವು ಕುರ್ಚಿಯಲ್ಲಿರಿ, ಇನ್ನೊಬ್ಬರು ಗುಂಡಿ ತಿರುಗಿಸಲಿ; ದನಿ ಗರಿಷ್ಠವಾದಲ್ಲಿ ನಿಲ್ಲಿಸಿ.

ಉತ್ತರ 3: ನ್ಯೂಜೆರ್ಸಿಯಿಂದ

ಇಲ್ಲಿನ ನನ್ನ ಮನೆಯ ಗೋಡೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದವು. ಅವು ಬಾಸಿಗೆ ತಾವೇ ಅದುರಿ ಒಂದಷ್ಟನ್ನು ಹೀರಿಕೊಳ್ಳುತ್ತವೆ, ಒಂದಷ್ಟನ್ನು ಹೊರಗೆ ಬಿಡುತ್ತವೆ. ಇದೇ ಸ್ಪೀಕರ್‌ಗಳನ್ನು ಧಾರವಾಡದ ನಮ್ಮ ತಂದೆಯವರ ಮನೆಗೆ ಒಯ್ದಾಗ, ದಪ್ಪ ಗೋಡೆಗಳ ಆ ಕೋಣೆಯಲ್ಲಿ ಬಾಸ್ ನಿಂತೇ ಇತ್ತು. ಒಂದು ಸ್ವರದ ಬಾಲ ಮುಂದಿನ ಸ್ವರದ ಮೇಲೆ ಬೀಳುತ್ತಿತ್ತು. ಆದ್ದರಿಂದ ಅಮೆರಿಕದವರು ಬರೆದ ಸಲಹೆಗಳನ್ನು ಓದುವಾಗ ಅವರ ಗೋಡೆ ಯಾವುದರದ್ದೆಂದು ಮೊದಲು ನೋಡಿ. ಧಾರವಾಡದಲ್ಲಿ ನಮಗೆ ಒದಗಿದ್ದು ಎರಡು: ಸ್ಪೀಕರಿನ ಹಿಂಬದಿಯ ರಂಧ್ರಕ್ಕೆ ಸುತ್ತಿದ ಉಣ್ಣೆಯ ಕಾಲುಚೀಲ ತುರುಕಿದ್ದು, ಮತ್ತು ಪಡಸಾಲೆಯ ಬಾಗಿಲು ತೆರೆದಿಟ್ಟಿದ್ದು.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಸ್ವರಗಳನ್ನು ನುಡಿಸಿ ನೋಡಿದೆ. ಸೋಫಾದಲ್ಲಿ 40 ಮತ್ತು 56 ಉಬ್ಬಿವೆ, 47 ಇಲ್ಲವೇ ಇಲ್ಲ. ಒಂದೂವರೆ ಅಡಿ ಬಲಕ್ಕೆ ಸರಿದರೆ ಅದು ಮೆಲ್ಲಗೆ ಮರಳುತ್ತದೆ. ಸಬ್‌ವೂಫರನ್ನು ಕುರ್ಚಿಯ ಮೇಲೇರಿಸಲು ಭಾನುವಾರ ತಮ್ಮ ಬರುತ್ತಾನೆ. ಅಂಗಡಿಗೆ ಫೋನ್ ಮಾಡಿ 12 ಇಂಚಿನದು ಸದ್ಯಕ್ಕೆ ಬೇಡವೆಂದು ತಿಳಿಸಿದ್ದೇನೆ.