ತಂದೆ ತೀರಿಕೊಂಡ ಹದಿನೈದೇ ದಿನಕ್ಕೆ ತಾಯಿಗೆ ಸಕ್ಕರೆ ಕಾಯಿಲೆ: ಆಘಾತವೇ ಕಾರಣವೇ?

ಪ್ರಶ್ನೆ (ಹಾಸನದಿಂದ):
ಕಳೆದ ತಿಂಗಳು ನಮ್ಮ ತಂದೆಯವರು ಹೃದಯಾಘಾತದಿಂದ ಮನೆಯಲ್ಲಿಯೇ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಎರಡನೆಯ ದಿನ ಐವತ್ತೆಂಟು ವರ್ಷದ ತಾಯಿಯವರು ತಲೆಸುತ್ತಿ ಕುಸಿದು ಕುಳಿತರು. ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 214, ಎಚ್‌ಬಿಎ1ಸಿ 9.4 ಬಂದಿತು. ಗಂಡ ಹೋದ ಆಘಾತಕ್ಕೇ ಶುಗರ್ ಬಂತೆಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಆ ರಾತ್ರಿ ತಂದೆಯವರು ಎದೆಯುರಿಯನ್ನು ಗ್ಯಾಸ್ ಎಂದಾಗ ನಾನು ಜೀರಿಗೆ ಕಷಾಯ ಮಾಡಿಕೊಟ್ಟು, ಬೆಳಗಾಗಲೆಂದು ಕಾದೆ. ತಾಯಿಯ ಈ ಕಾಯಿಲೆಗೂ ನಾನೇ ಕಾರಣನಾದೆನೇ? ದುಃಖ ಆರಿದ ಮೇಲೆ ಸಕ್ಕರೆ ತಾನಾಗಿ ಇಳಿದೀತೇ, ಮಾತ್ರೆ ನಿಲ್ಲಿಸಬಹುದೇ?

ಉತ್ತರ 1 (ನಿವೃತ್ತ ವೈದ್ಯರು):
ನಿಮ್ಮ ಪ್ರಶ್ನೆಗೆ ಉತ್ತರ ನೀವು ಬರೆದ ಆ 9.4ರಲ್ಲಿಯೇ ಇದೆ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅವುಗಳಿಗೆ ಅಂಟಿಕೊಂಡ ಸಕ್ಕರೆಯನ್ನು ಅಳೆಯುವ ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. 9.4 ಎಂದರೆ ಸರಾಸರಿ ಸಕ್ಕರೆ ಸುಮಾರು 220. ಅದುವರೆಗೆ ಸಕ್ಕರೆ ಸರಿಯಾಗಿದ್ದವರಲ್ಲಿ ಹದಿನೈದು ದಿನಗಳ ದುಃಖವೊಂದೇ ಈ ಅಂಕಿಯನ್ನು ಅಷ್ಟು ಎತ್ತರಕ್ಕೆ ಏರಿಸಲಾರದು. (ರಕ್ತಹೀನತೆ ಇದ್ದರೆ ಅಂಕಿ ಕೊಂಚ ಏರುಪೇರಾಗುವುದುಂಟು, ಹಿಮೋಗ್ಲೋಬಿನ್ ಕೂಡ ನೋಡಿಸಿ.) ತಂದೆಯವರು ಬದುಕಿದ್ದಾಗಲೇ ತಾಯಿಯವರಿಗೆ ಮಧುಮೇಹವಿತ್ತು, ಗೊತ್ತಾದದ್ದು ಮಾತ್ರ ಈಗ.

ಹಾಗೆಂದು ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಆಘಾತವಾದಾಗ ದೇಹವು ಅಡ್ರಿನಾಲಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳನ್ನು ಸುರಿಸುತ್ತದೆ. ಅವು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುವುದಲ್ಲದೆ, ಇನ್ಸುಲಿನ್ ಮಾಡುವ ಕೆಲಸಕ್ಕೂ ಅಡ್ಡಬರುತ್ತವೆ. ಆರೋಗ್ಯವಂತರ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಕೊಟ್ಟು ಇದನ್ನು ಸರಿದೂಗಿಸುತ್ತದೆ, ಆದರೆ ಮೊದಲೇ ಸೋತಿರುವ ಗ್ರಂಥಿಗೆ ಅದು ಆಗುವುದಿಲ್ಲ. ಆದ್ದರಿಂದ ದುಃಖ ಆರಿದಂತೆ ಸಕ್ಕರೆ ಸ್ವಲ್ಪ ಇಳಿಯಬಹುದು, ಕಾಯಿಲೆ ಹೋಗುವುದಿಲ್ಲ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆ ಕಷಾಯಕ್ಕೂ ಈ ಕಾಯಿಲೆಗೂ ಯಾವ ಸಂಬಂಧವೂ ಇಲ್ಲ.

ಉತ್ತರ 2 (ಮೈಸೂರಿನ ಓದುಗರು):
ನನ್ನ ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ, ಅವಳ ಅಜ್ಜಿ ಹೋದ ಎರಡು ತಿಂಗಳಿಗೆ, ಟೈಪ್ 1 ಮಧುಮೇಹ ಬಂದಿತು. ನಾಲ್ಕು ವರ್ಷವಾದರೂ ಅಂದು ಅವಳನ್ನು ಅಜ್ಜಿಯ ಮುಖ ನೋಡಲು ಕರೆದೊಯ್ದದ್ದೇ ತಪ್ಪಾಯಿತೇನೋ ಎಂಬ ಕೊರಗು ನನ್ನನ್ನು ಬಿಟ್ಟಿರಲಿಲ್ಲ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ ಮತ್ತು ಆ ಕೆಲಸ ಸಾಮಾನ್ಯವಾಗಿ ತಿಂಗಳುಗಳು, ವರ್ಷಗಳ ಮೊದಲೇ ಶುರುವಾಗಿರುತ್ತದೆ ಎಂದು ವೈದ್ಯರು ವಿವರಿಸಿದ ಮೇಲೆಯೇ ನಾನು ನೆಮ್ಮದಿಯಾಗಿ ಮಲಗಿದ್ದು. ಸ್ವೀಡನ್ನಿನಲ್ಲಿ 10,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವು, ಮನೆಯಲ್ಲಿ ಸಾವು, ವಿಚ್ಛೇದನದಂತಹ ಪೆಟ್ಟು ತಿಂದ ಮಕ್ಕಳಲ್ಲಿ ಟೈಪ್ 1ರ ಸಾಧ್ಯತೆ ಸುಮಾರು ಮೂರು ಪಟ್ಟು ಎಂದು ಹೇಳಿತು. ಓದಿದಾಗ ಎದೆ ಧಸಕ್ಕೆಂದಿತು. ಆದರೆ ಅಷ್ಟೂ ಮಕ್ಕಳಲ್ಲಿ ಕಾಯಿಲೆ ಬಂದದ್ದು 58 ಮಂದಿಗೆ. ಪೆಟ್ಟು ತಿಂದ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಆರೋಗ್ಯವಾಗಿಯೇ ಇದ್ದರು.

ಪ್ರಶ್ನೆ ಕೇಳಿದವರು:
ನಿನ್ನೆ ತಾಯಿಯವರ ಪಕ್ಕದಲ್ಲಿ ಕುಳಿತು ನಿಧಾನವಾಗಿ ಕೇಳಿದೆ. ಯುಗಾದಿಯಿಂದಲೇ ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದರಂತೆ, ತಲೆದೆಸೆಯಲ್ಲಿ ಇಟ್ಟುಕೊಂಡ ಚೊಂಬು ನೀರು ಬೆಳಗಿನ ಹೊತ್ತಿಗೆ ಬರಿದಾಗುತ್ತಿತ್ತಂತೆ. ಹಿಮ್ಮಡಿಯ ಬಿರುಕೊಂದು ಎರಡು ತಿಂಗಳಾದರೂ ಮಾಗಿಲ್ಲ. ಅದಕ್ಕೆ ಅರಿಶಿನ ಹಚ್ಚಿ, ತಂದೆಯವರ ಔಷಧದ ಖರ್ಚೇ ಸಾಕೆಂದು ಸುಮ್ಮನಿದ್ದರಂತೆ.

ಉತ್ತರ 3 (ಮೊದಲು ಉತ್ತರಿಸಿದ ವೈದ್ಯರು):
ಆ ಹಿಮ್ಮಡಿಯನ್ನು ಈ ವಾರವೇ ತೋರಿಸಿ. ಜೊತೆಗೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆಯೂ ಆಗಲಿ.

ಇನ್ನೊಂದು ಮಾತು. 17ನೆಯ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ದೀರ್ಘಕಾಲದ ದುಃಖವನ್ನು ಮಧುಮೇಹದ ಕಾರಣಗಳಲ್ಲಿ ಎಣಿಸಿದ್ದರು. ಅಮೆರಿಕದ ಸುಮಾರು 50,000 ದಾದಿಯರನ್ನು 22 ವರ್ಷ ಗಮನಿಸಿದ ಅಧ್ಯಯನದಲ್ಲಿ, ಆಘಾತದ ನಂತರದ ಮಾನಸಿಕ ತೊಂದರೆ ತೀವ್ರವಾಗಿದ್ದವರಿಗೆ ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯ ಮಧುಮೇಹ, ಬರುವ ಸಾಧ್ಯತೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆ ಹೆಚ್ಚಳದ ಸುಮಾರು ಅರ್ಧ ಭಾಗ ದೇಹತೂಕ ಮತ್ತು ಖಿನ್ನತೆಯ ಔಷಧಗಳೊಂದಿಗೆ ತಳಕು ಹಾಕಿಕೊಂಡಿತ್ತು. ವರ್ಷಗಟ್ಟಲೆ ಆರದೆ ಉಳಿಯುವ ನೋವು ನಿದ್ದೆ, ಊಟ, ನಡಿಗೆಗಳನ್ನು ಕೆಡಿಸಿ ದೇಹವನ್ನು ಸವೆಸುತ್ತದೆ ಎಂಬುದನ್ನು ನಾನು ನನ್ನ ರೋಗಿಗಳಲ್ಲಿಯೂ ಕಂಡಿದ್ದೇನೆ. ಆದುದರಿಂದ ತಾಯಿಯವರು ರಾತ್ರಿ ಎಷ್ಟು ಹೊತ್ತು ಮಲಗುತ್ತಾರೆ, ಎರಡು ಹೊತ್ತು ಸರಿಯಾಗಿ ಉಣ್ಣುತ್ತಾರೆಯೇ ಎಂಬುದನ್ನೂ ನಿಮ್ಮ ವೈದ್ಯರಿಗೆ ಹೇಳಿ. ಊಟ ಬಿಟ್ಟು ಕೆಲವು ಬಗೆಯ ಮಾತ್ರೆಗಳನ್ನು ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಾಸಿಕದ ದಿನ ಉಪವಾಸವಿರುವ ಪದ್ಧತಿ ನಿಮ್ಮಲ್ಲಿದ್ದರೆ, ಅಂದು ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಿ.