ಸಹಾಯ ಬೇಕು: ಗದೆ ಇಳಿಸಿದ ಮೇಲೆ ಏನು ಮಾಡುವುದು?

ನಮ್ಮದು ಮಂಡ್ಯ ಕಡೆಯ ಹಳ್ಳಿ. ಕಳೆದ ಶನಿವಾರ ರಾತ್ರಿ ನಮ್ಮ ಕುರುಕ್ಷೇತ್ರ ನಾಟಕದ ಮೂರನೆಯ, ಕೊನೆಯ ಪ್ರದರ್ಶನ ನಡೆಯಿತು. ನನ್ನದು ದುರ್ಯೋಧನನ ಪಾತ್ರ. ನಮ್ಮ ಕಡೆ ಪಾತ್ರಕ್ಕೆ ದುಡ್ಡು ಕೊಡುವವರು ಪಾತ್ರ ಮಾಡುವ ನಾವೇ. ದುರ್ಯೋಧನನೂ ಕೃಷ್ಣನೂ ದುಬಾರಿ. ಹೆಂಡತಿಗೆ ಮೊತ್ತವನ್ನು ಇನ್ನೂ ಪೂರ್ತಿ ಹೇಳಿಲ್ಲ.

ಐದು ತಿಂಗಳು ಪ್ರತಿ ಶನಿವಾರ ಬೆಂಗಳೂರಿನಿಂದ ಬಸ್ಸು ಹಿಡಿದು ತಾಲೀಮಿಗೆ ಹೋಗುತ್ತಿದ್ದೆ. ಕೊನೆಯ ವಾರ ಗಂಟಲು ಕಟ್ಟಿ, ಇದೊಂದು ಮುಗಿದರೆ ಸಾಕಪ್ಪಾ ಎನಿಸಿತ್ತು. ಮುಗಿಯಿತು. ಬೆಳಗಿನ ಜಾವ ಸೀನರಿಯವರು ಪರದೆಗಳನ್ನು ಸುತ್ತಿ ಲಾರಿಗೆ ಹಾಕುವಾಗ, ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದ ನನಗೆ ಅಳುವೇ ಬಂದಿತು. ಭೀಮನ ಪಾತ್ರಧಾರಿ ಪಕ್ಕದಲ್ಲಿ ಕುಳಿತು ಇಡ್ಲಿ ತಿನ್ನುತ್ತಿದ್ದ. (ತೊಡೆ ಮುರಿದವನೇ ನನಗೂ ಎರಡು ಇಡ್ಲಿ ಕೊಟ್ಟ.)

ಈಗ ಕಚೇರಿಯಲ್ಲಿ ಕುಳಿತರೂ ತಲೆಯಲ್ಲಿ ಹಾರ್ಮೋನಿಯಂ. ನೆಮ್ಮದಿಯೂ ಇದೆ, ಏನೋ ಕಳೆದುಕೊಂಡಂತೆಯೂ ಇದೆ. ಎರಡನೆಯ ಪದ್ಯದಲ್ಲಿ ಶ್ರುತಿ ತಪ್ಪಿದ್ದು ಬೇರೆ ಚುಚ್ಚುತ್ತಿದೆ.

ಹವ್ಯಾಸಿ ನಾಟಕ ಆಡಿದವರು ಹೇಳಿ: ಇದು ಎಷ್ಟು ದಿನ ಇರುತ್ತದೆ? ಇನ್ನೊಂದು ಕೋರಿಕೆ. ನಾಟಕ ಕಲಿಸಿದ ನಮ್ಮ ಮಾಸ್ತರರಿಗೆ ವಯಸ್ಸಾಗಿದೆ, ಇನ್ನು ಕಲಿಸುವುದಿಲ್ಲ ಎಂದಿದ್ದಾರೆ. ಅವರ ಮಟ್ಟುಗಳು (ಪದ್ಯ ಹಾಡುವ ಧಾಟಿಗಳು) ನನ್ನ ಮೊಬೈಲ್‌ನಲ್ಲಿವೆ, ಆದರೆ ಜನರೇಟರ್ ಸದ್ದೇ ಹೆಚ್ಚು. ಆ ಸದ್ದು ತೆಗೆದು, ಮಟ್ಟುಗಳಿಗೆ ಸ್ವರ ಹಾಕಿ ಬರೆದುಕೊಡಬಲ್ಲವರು ಯಾರಾದರೂ ಇದ್ದೀರಾ? ಶುಲ್ಕ ಕೊಡುತ್ತೇನೆ, ಅದನ್ನೂ ಮನೆಯಲ್ಲಿ ಹೇಳುವುದಿಲ್ಲ.